ಮಾವಯ್ಯನ ಕೊಡೆಗೆ ಸೈಕಲ್ ಕಡ್ಡಿ

ಆರಿದ್ರಾ ಮಳೆ ಹಿಡಿದ ಮೂರನೇ ದಿನ ಮಾವಯ್ಯನ ಕೊಡೆ ಮುರಿಯಿತು. ತೀರ್ಥಹಳ್ಳಿಯಿಂದ ಬಂದವರು ಬಸ್ಸಿಳಿದು ಕೊಡೆ ಬಿಚ್ಚಿದ್ದಾರೆ. ಗದ್ದೆ ಬಯಲಿನ ಕಡೆಯಿಂದ ನುಗ್ಗಿದ ಗಾಳಿಗೆ ಕೊಡೆ ಮೇಲ್ಮುಖವಾಗಿ ಮಗುಚಿಕೊಂಡಿದೆ. ಅಂಚು ಹಿಡಿದು ಜೋರಾಗಿ ಕೆಳಗೆ ಎಳೆದಿದ್ದಾರೆ. ಟಕ್ ಅಂತ ಸದ್ದು. ಮನೆ ಮುಟ್ಟುವಾಗ ಎಡ ಭುಜ ಪೂರ್ತಿ ತೊಯ್ದು ತೊಪ್ಪೆಯಾಗಿತ್ತು.

"ಬಿಡೆ ಅತ್ಲಾಗೆ, ಹೊಸದು ತಂದ್ರಾತು" ಅಂದರು. ಹಾಗೆ ಅಂದವರು ಆ ಕೊಡೆಯನ್ನು ಬಿಸಾಡಲಿಲ್ಲ. ಯಾವತ್ತಿನ ಹಾಗೆ ಜಗಲಿಯ ಗೂಟಕ್ಕೇ ನೇತು ಹಾಕಿದರು. ಬೆತ್ತದ ಹಿಡಿಯ ಉದ್ದ ಕೊಡೆ ಅದು. ನಾನು ಈ ಮನೆಗೆ ಮದುವೆಯಾಗಿ ಬಂದ ವರ್ಷ ತಂದದ್ದು, ಈಗ ಹನ್ನೆರಡು ಮಳೆಗಾಲ ಕಳೆದಿದೆ. ಅವರ ಕೈ ಆಡಿ ಆಡಿ ಹಿಡಿಯ ಬಾಗು ಎಣ್ಣೆ ಹಚ್ಚಿದ ಹಾಗೆ ನುಣುಪಾಗಿದೆ. ಅದನ್ನು ಬಿಟ್ಟು ಬೇರೆ ಕೊಡೆ ಹಿಡಿದು ಅವರು ಹೊರಟದ್ದು ನಾನು ನೋಡಿಲ್ಲ.

ನಮ್ಮೂರು ಮೇಗರವಳ್ಳಿಯಿಂದ ಆಚೆ, ಆಗುಂಬೆ ದಿಕ್ಕಿಗೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಟ್ಟಿಗೆಗೆ ಹೋಗಬೇಕಾದರೂ ಕೊಡೆ ಬೇಕು. ನಾಟಿ ಗದ್ದೆಗೆ ತಲೆಯಿಂದ ಬೆನ್ನಿಗೆ ಹೊದೆಯುವ ಗೊರಬು, ಕಂಬಳಿ ಕೊಪ್ಪೆ ಇದ್ದವು. ಅವು ಎರಡೂ ಕೈ ಖಾಲಿ ಬಿಡುತ್ತವೆ. ಆದರೆ ಬಸ್ಸು, ಬ್ಯಾಂಕು, ಮದುವೆ ಮನೆ ಅಂದರೆ ಕೊಡೆಯೇ. ಅದಕ್ಕೇ ನಮಗೆ ಕೊಡೆ ಅಂದರೆ ಕತ್ತಿ, ಗುದ್ದಲಿ ಇದ್ದ ಹಾಗೆ ಒಂದು ಹತ್ಯಾರು. ಕತ್ತಿಯ ಹಿಡಿ ಸಡಿಲವಾದರೆ ಯಾರೂ ಕತ್ತಿ ಬಿಸಾಡುವುದಿಲ್ಲ ಅಲ್ವಾ?

ಮೊದಲೆಲ್ಲ ಮಳೆಗಾಲಕ್ಕೆ ಮುಂಚೆ ಕೊಡೆ ರಿಪೇರಿಯವರು ಮನೆ ಮನೆಗೆ ಬರುತ್ತಿದ್ದರು. ಜಗಲಿಯಲ್ಲಿ ಕೂತು, ಮನೆಯಲ್ಲಿದ್ದ ಅಷ್ಟೂ ಕೊಡೆ ಸರಿ ಮಾಡಿ, ಊಟ ಮಾಡಿ, ಅಕ್ಕಿ ಕಟ್ಟಿಸಿಕೊಂಡು ಹೋಗುತ್ತಿದ್ದರು ಅಂತ ಅತ್ತೆ ಹೇಳುತ್ತಾರೆ. ಈಗ ಈ ಕಡೆ ಯಾರೂ ಬರುವುದಿಲ್ಲ. ಒಂದು ಕಡ್ಡಿಗೋಸ್ಕರ ಶಿವಮೊಗ್ಗದವರೆಗೆ ಹೋದರೆ ಒಂದು ದಿನ ಪೂರ್ತಿ ಅದಕ್ಕೇ ಆಯಿತು. ಹಾಗಾಗಿ ನಾನೇ ಕೂತೆ.

ಮೊದಲು ಕೊಡೆ ಬಿಚ್ಚಿ, ತಲೆಕೆಳಗಾಗಿ ಮಡಿಲಲ್ಲಿ ಇಟ್ಟುಕೊಂಡು ಒಂದೊಂದೇ ಕಡ್ಡಿ ಮುಟ್ಟಿ ನೋಡಿದೆ. ಎಂಟು ಉದ್ದ ಕಡ್ಡಿ, ಬಟ್ಟೆಗೆ ಅಂಟಿಕೊಂಡಿರುವವು. ಎಂಟು ಗಿಡ್ಡ ಕಡ್ಡಿ, ಉದ್ದ ಕಡ್ಡಿಯನ್ನು ಕೆಳಗಿನಿಂದ ತಳ್ಳಿ ಹಿಡಿಯುವವು. ಉದ್ದ ಕಡ್ಡಿಗಳ ಬುಡ, ಕೋಲಿನ ಮೇಲ್ತುದಿಯಲ್ಲಿರುವ ಹಲ್ಲು ಹಲ್ಲಿನ ಬಳೆಗೆ ಸೇರಿರುತ್ತದೆ. ಗಿಡ್ಡ ಕಡ್ಡಿಗಳ ಬುಡ, ಕೋಲಿನ ಮೇಲೆ ಜಾರುವ ಕೊಳವೆಗೆ. ಎರಡೂ ಕಡ್ಡಿ ಕೂಡುವಲ್ಲಿ ಒಂದು ಪುಟ್ಟ ಕೀಲು. ಮುರಿದದ್ದು ಒಂದೇ ಉದ್ದ ಕಡ್ಡಿ, ಆ ಕೀಲಿನಿಂದ ಒಂದೂವರೆ ಬೆರಳು ಆಚೆ.

ಬಹಳ ಕೊಡೆಗಳು ಇದೇ ಜಾಗದ ಆಸುಪಾಸಿನಲ್ಲಿ ಮುರಿಯುವುದು. ಗಿಡ್ಡ ಕಡ್ಡಿ ತಳ್ಳುವುದು ಅಲ್ಲೇ, ಬಟ್ಟೆ ಎಳೆಯುವುದು ಆಚೆ ತುದಿಯಿಂದ. ಬಗ್ಗುವ ಜೋರೆಲ್ಲ ಕೀಲಿನ ಹತ್ತಿರ ಬಂದು ಬೀಳುತ್ತದೆ. ಕೊಡೆ ಮಗುಚಿದಾಗ ಕಡ್ಡಿ ಅದೇ ಜಾಗದಲ್ಲಿ ಉಲ್ಟಾ ಬಗ್ಗುತ್ತದೆ. ಕೈಯಿಂದ ಎಳೆದರೆ ಮುಗಿಯಿತು. ಮಗುಚಿದ ಕೊಡೆಯ ಅಂಚಿಗೆ ಕೈ ಹಾಕಲೇಬೇಡಿ. ಕೊಡೆಯ ಮೂತಿಯನ್ನು, ಅಂದರೆ ಮೇಲಿನ ಚೂಪು ತುದಿಯನ್ನು, ಗಾಳಿ ಬರುವ ದಿಕ್ಕಿಗೆ ತಿರುಗಿಸಿ. ಮಗುಚಿದ ಗಾಳಿಯೇ ಅದನ್ನು ಸರಿ ಮಾಡಿ ಕೊಡುತ್ತದೆ.

ಮುರಿದ ಜಾಗವನ್ನು ಟಾರ್ಚ್ ಹಿಡಿದು ನೋಡಿದರೆ ಕಡ್ಡಿಯ ರೂಪ ಚೆನ್ನಾಗಿ ಕಾಣುತ್ತದೆ. ಅದು ಗಟ್ಟಿ ಸರಳಲ್ಲ. ತೆಳು ಉಕ್ಕನ್ನು ದೋಣಿಯ ಹಾಗೆ ಮಡಚಿದ್ದು, ಬಾಯಿ ಒಳಗಡೆಗೆ, ಬೆನ್ನು ಬಟ್ಟೆಯ ಕಡೆಗೆ. ಇದನ್ನು ಮಾಡಿದವರು ಇಂಗ್ಲೆಂಡಿನ ಸ್ಯಾಮ್ಯುಯೆಲ್ ಫಾಕ್ಸ್, 1852ರಲ್ಲಿ. ಅದಕ್ಕೂ ಮೊದಲು ಅಲ್ಲಿ ಕೊಡೆಗೆ ಬೆತ್ತದ ಕಡ್ಡಿ, ಇಲ್ಲವೇ ತಿಮಿಂಗಿಲದ ಬಾಯಿಂದ ತೆಗೆದ ಪಟ್ಟಿ ಹಾಕುತ್ತಿದ್ದರಂತೆ. ಭಾರ ಜಾಸ್ತಿ, ಬೆಲೆಯೂ ಜಾಸ್ತಿ. ದೋಣಿ ಆಕಾರ ಬಂದ ಮೇಲೆ ಕಡ್ಡಿ ಹಗುರವಾಯಿತು, ಗಟ್ಟಿಯೂ ಆಯಿತು.

ಇದು ನಮಗೆ ಗೊತ್ತಿಲ್ಲದ ವಿಷಯವೇನಲ್ಲ. ಅಡಿಕೆ ಮರವನ್ನು ಸೀಳಿ, ತಿರುಳು ತೆಗೆದು ದಬ್ಬೆ ಮಾಡಿ ನೀರು ಹಾಯಿಸುತ್ತಿದ್ದರಲ್ಲ, ಅದೇ ಲೆಕ್ಕ. ಎರಡು ಕವೆಯ ಮೇಲೆ ಇಟ್ಟರೂ, ತುಂಬ ನೀರು ಹರಿದರೂ ಅದು ಜಗ್ಗುವುದಿಲ್ಲ. ಅದೇ ಮರದ ಚಪ್ಪಟೆ ಸೀಳು ಇಟ್ಟು ನೋಡಿ, ನಡುವೆ ಬಾಗಿಬಿಡುತ್ತದೆ. ಶಕ್ತಿ ಇರುವುದು ಎದ್ದು ನಿಂತ ಎರಡು ಗೋಡೆಗಳಲ್ಲಿ. ಕೊಡೆ ಕಡ್ಡಿಯ ಗೋಡೆ ಒಮ್ಮೆ ಅಗಲವಾಗಿ ಬಿಚ್ಚಿಕೊಂಡರೆ ಆ ಜಾಗದಲ್ಲಿ ಬರೀ ಚಪ್ಪಟೆ ತಗಡು ಉಳಿಯುತ್ತದೆ. ಸುತ್ತಿಗೆಯಿಂದ ಬಡಿದು ನೇರ ಮಾಡಿದರೆ ಗೋಡೆ ಇನ್ನೂ ಮಲಗುತ್ತದೆ. ರಿಪೇರಿ ಅಂದರೆ ಆ ಗೋಡೆಯನ್ನು ಮತ್ತೆ ನಿಲ್ಲಿಸುವುದು.

ಇಷ್ಟು ನನಗೆ ಹೊಳೆದದ್ದು ಎರಡನೇ ಸಲಕ್ಕೆ. ಮೊದಲ ಸಲ ಮುರಿದ ಎರಡು ತುದಿ ಜೋಡಿಸಿ, ಕಲಸಿ ಮೆತ್ತುವ ಅಂಟಿನ ಮುದ್ದೆ ಹಚ್ಚಿ ರಾತ್ರಿಯೆಲ್ಲ ಬಿಟ್ಟಿದ್ದೆ. ಬೆಳಿಗ್ಗೆ ಕಲ್ಲಿನಂತೆ ಗಟ್ಟಿಯಾಗಿತ್ತು. ಕೊಡೆ ಬಿಚ್ಚಿ ಬಟ್ಟೆ ಬಿಗಿಯಾದ ಕೂಡಲೇ ಮುದ್ದೆ ಎರಡು ಹೋಳಾಗಿ ಉದುರಿತು. ಅಂಟು ಗಟ್ಟಿಯಿದ್ದರೆ ಸಾಲದು. ಬಗ್ಗುವ ಜೋರು ತಡೆಯಲು ಒಳಗೆ ಒಂದು ಉಕ್ಕಿನ ಎಲುಬು ಬೇಕು.

ಆ ಎಲುಬು ಸಿಕ್ಕಿದ್ದು ಸೈಕಲ್ಲಿನಲ್ಲಿ. ನಮ್ಮನೆಯವರ ಹಳೇ ಸೈಕಲ್ ಅಟ್ಟದ ಕೆಳಗೆ ಒರಗಿ ನಿಂತಿದೆ. ಅದರ ಹಿಂದಿನ ಚಕ್ರದ ಒಂದು ಕಡ್ಡಿ ಮೊದಲೇ ಕಿತ್ತು ಬಂದಿತ್ತು. ಅದು 14 ಗೇಜಿನ ಕಡ್ಡಿ, ಅಂದರೆ ದಪ್ಪ 2 ಮಿಲಿಮೀಟರ್. ಕೊಡೆ ಕಡ್ಡಿಯ ದೋಣಿಯೊಳಗೆ ಇಟ್ಟು ನೋಡಿದೆ. ಹೇಳಿ ಮಾಡಿಸಿದ ಹಾಗೆ ಕೂತಿತು. ಚೂರೂ ಅಲ್ಲಾಡಲಿಲ್ಲ.

ಕೆಲಸ ಸುರುವಾಗುವುದು ಬಟ್ಟೆ ಬಿಚ್ಚುವುದರಿಂದ. ಬಟ್ಟೆ ಇರುವ ಹಾಗೇ ಕಡ್ಡಿಗೆ ಕೈ ಹಾಕಿದರೆ ಪ್ಲೇಯರ್ ತಾಗಿ ಬಟ್ಟೆ ಹರಿಯುತ್ತದೆ. ಬ್ಲೇಡಿನ ಮೂಲೆಯಿಂದ ಆ ಕಡ್ಡಿಯ ತುದಿಯ ಹೊಲಿಗೆ ಕತ್ತರಿಸಿದೆ. ಕಡ್ಡಿಯ ನಡುವೆಯೂ ಒಂದೆರಡು ಕಡೆ ದಾರ ಕಟ್ಟಿರುತ್ತಾರೆ, ಅದನ್ನೂ ಬಿಡಿಸಬೇಕು. ಕೀಲಿನ ಮೇಲೆ ಬಟ್ಟೆಗೆ ಉಜ್ಜದ ಹಾಗೆ ಒಂದು ಉಗುರಿನಷ್ಟಗಲದ ಚಿಂದಿ ಸುತ್ತಿತ್ತು. ಅದನ್ನು ಎತ್ತಿಟ್ಟುಕೊಂಡೆ. ಇಂಥ ಸಣ್ಣ ಚಿಂದಿ ಕಳೆದರೆ ಮುಂದಿನ ವರ್ಷ ಅದೇ ಜಾಗದಲ್ಲಿ ತೂತು ಬೀಳುತ್ತದೆ.

ಆಮೇಲೆ ಮುರಿದ ತುದಿಗಳ ಗೋಡೆಯನ್ನು ನೋಸ್ ಪ್ಲೇಯರ್‌ನಿಂದ ನಿಧಾನಕ್ಕೆ ಒತ್ತಿ ಎಬ್ಬಿಸಿದೆ. ಎಮರಿ ಪೇಪರ್ ಹಾಕಿ ಒಳಗೂ ಹೊರಗೂ ಉಜ್ಜಿ ತುಕ್ಕು ತೆಗೆದೆ. ಸೈಕಲ್ ಕಡ್ಡಿಯಲ್ಲಿ 7 ಸೆಂಟಿಮೀಟರ್ ತುಂಡು ಕತ್ತರಿಸಿ ಎರಡೂ ಕೊನೆಗೆ ಅರ ಹಾಕಿದೆ. ಕೀಲಿನ ರಿವಿಟ್ ದೋಣಿಯ ಅಡ್ಡಕ್ಕೆ ಹಾದಿದೆ. ಹಾಗಾಗಿ ತುಂಡು ಆ ರಿವಿಟ್ಟಿಗೆ ಮುಟ್ಟಿ ನಿಲ್ಲಬೇಕು, ದಾಟುವ ಹಾಗಿಲ್ಲ. ಕೀಲಿನ ಕಡೆ ಹಿಡಿತಕ್ಕೆ ಸಿಕ್ಕಿದ್ದು 2 ಸೆಂಟಿಮೀಟರ್ ಚಿಲ್ಲರೆ ಮಾತ್ರ. ಅಷ್ಟೇ ನಂಬಿದರೆ ಜಾರಿ ಹೊರಗೆ ಬರುತ್ತದೆ. ಅದಕ್ಕೆ ಮೇಲಿಂದ ಒಂದು ತಗಡಿನ ಅಂಗಿ ಬೇಕಾಯಿತು.

ಹಳೇ ಎಣ್ಣೆ ಡಬ್ಬದಿಂದ ಎರಡೂವರೆ ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿದೆ. ಎರಡು ಟ್ಯೂಬಿನ ಅಂಟನ್ನು ಸಮ ಸಮ ಬೆರೆಸಿ ದೋಣಿಗೆ ಸವರಿ, ಸೈಕಲ್ ಕಡ್ಡಿಯ ತುಂಡು ಕೂರಿಸಿದೆ. ತಗಡಿನ ಪಟ್ಟಿಯನ್ನು ಮುರಿದ ಜಾಗದ ನಡುವಿಗೆ ಬರುವ ಹಾಗೆ ಬೆನ್ನಿನ ಕಡೆಯಿಂದ ಸುತ್ತಿ, ಎರಡೂ ಅಂಚನ್ನು ದೋಣಿಯ ಬಾಯಿಯ ಮೇಲೆ ಮಡಚಿದೆ. ಕಟಿಂಗ್ ಪ್ಲೇಯರ್‌ನಿಂದ ಉದ್ದಕ್ಕೂ ಕಚ್ಚಿ ಕಚ್ಚಿ ಬಿಗಿ ಮಾಡಿದೆ. ಮಡಿಕೆ ಒಳಮುಖಕ್ಕೇ ಬರಬೇಕು. ಬಟ್ಟೆಯ ಕಡೆ ಬಂದರೆ ತಗಡಿನ ಅಂಚು ಬಟ್ಟೆ ಕೊಯ್ಯುತ್ತದೆ. ಸಾಲದ್ದಕ್ಕೆ ಪಟ್ಟಿಯ ಎರಡೂ ಅಂಚಿಗೆ ಅರ ಹಾಕಿ, ಬೆರಳು ಓಡಿಸಿ ಚುಚ್ಚುವುದಿಲ್ಲ ಅಂತ ನೋಡಿಕೊಂಡೆ.

ಈ ಥಂಡಿಯಲ್ಲಿ ಅಂಟು ಬೇಗ ಒಣಗುವುದಿಲ್ಲ. ಬಚ್ಚಲ ಒಲೆಯ ಗೋಡೆ ಬೆಚ್ಚಗಿರುತ್ತದಲ್ಲ, ಅಲ್ಲಿ ಕೊಡೆಯನ್ನು ಒರಗಿಸಿ ಒಂದು ರಾತ್ರಿ ಬಿಟ್ಟೆ.

ಬೆಳಿಗ್ಗೆ ಕೊಡೆ ಎತ್ತಿಕೊಳ್ಳುವಾಗ ಕೋಲಿನ ತುದಿಯ ಹತ್ತಿರ ಏನೋ ಕಿರುಗುಟ್ಟಿತು. ಸುಮ್ನೆ ಬಿಡಬಹುದಿತ್ತು. ಆದರೆ ಬಿಚ್ಚಿದ್ದು ಬಿಚ್ಚಿದ್ದೇ ಅಂತ ಉಳಿದ ಏಳು ತುದಿಯ ಹೊಲಿಗೆಯನ್ನೂ ಬಿಡಿಸಿ, ಬಟ್ಟೆಯನ್ನು ಟೋಪಿಯ ಹಾಗೆ ಮೇಲಕ್ಕೆ ಮಗುಚಿದೆ. ಬಟ್ಟೆ ತುದಿಯ ಮೂತಿಯಲ್ಲಿ ಹಾಗೇ ಕಚ್ಚಿಕೊಂಡಿರುತ್ತದೆ, ಪೂರ್ತಿ ತೆಗೆಯುವುದು ಬೇಕಿಲ್ಲ. ಆಗ ಹಲ್ಲಿನ ಬಳೆ ಕಂಡಿತು. ಎಂಟು ಹಲ್ಲು, ಒಂದೊಂದರ ನಡುವೆ ಒಂದು ಕಡ್ಡಿಯ ಬುಡ. ಪ್ರತಿ ಬುಡಕ್ಕೂ ಒಂದು ತೂತು. ಎಂಟೂ ತೂತಿನಲ್ಲಿ ಒಂದೇ ತಂತಿ ಹಾದು, ಬಳೆಯ ಸುತ್ತ ಕೊರೆದ ಗೆರೆಯಲ್ಲಿ ಕೂತು, ಕೊನೆಯಲ್ಲಿ ಹುರಿಯಾಗಿರುತ್ತದೆ. ಇಡೀ ಕೊಡೆ ನಿಂತಿರುವುದು ಆ ಒಂದು ತಂತಿಯ ಮೇಲೆ. ಮಾವಯ್ಯನ ಕೊಡೆಯಲ್ಲಿ ಅದು ಕೆಂಪಗೆ ತುಕ್ಕು ತಿಂದು, ಒಂದು ಕಡೆ ಕೂದಲಿನಷ್ಟು ಉಳಿದಿತ್ತು. ಉಗುರಿನಿಂದ ಒತ್ತಿದ್ದಕ್ಕೇ ತುಂಡಾಯಿತು.

ಕೆಳಗೆ, ಜಾರುವ ಕೊಳವೆಯಲ್ಲೂ ಅಂಥದ್ದೇ ತಂತಿ ಇದೆ. ಅದು ಹೊಸದರಂತೆ ಇತ್ತು. ಮೇಲಿನದು ಮಾತ್ರ ಯಾಕೆ ಹೀಗೆ ಅಂತ ಸ್ವಲ್ಪ ಹೊತ್ತು ನೋಡುತ್ತಾ ಕೂತೆ. ಜಗಲಿಯ ಗೂಟ ಕಣ್ಣಿಗೆ ಬಿತ್ತು. ಬಂದ ಕೂಡಲೇ ಕೊಡೆ ಮಡಚಿ, ಬಾಗಿದ ಹಿಡಿಯಿಂದ ಗೂಟಕ್ಕೆ ನೇತು ಹಾಕುವುದು ನಮ್ಮೆಲ್ಲರ ರೂಢಿ. ಆಗ ಮೂತಿ ಕೆಳಗೆ. ಮಡಿಕೆಯೊಳಗಿನ ನೀರೆಲ್ಲ ಇಳಿದು ಹಲ್ಲಿನ ಬಳೆಯ ಹತ್ತಿರ ನಿಲ್ಲುತ್ತದೆ. ಬಟ್ಟೆ ಸುತ್ತಿರುವುದರಿಂದ ಗಾಳಿಯಾಡುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಅದು ನಾಲ್ಕು ತಿಂಗಳು ಒಣಗುವುದೇ ಇಲ್ಲ. ಹನ್ನೆರಡು ವರ್ಷ ತಡೆದದ್ದೇ ದೊಡ್ಡದು.

ಹೊಸ ತಂತಿ ಯಾವುದು ಹಾಕುವುದು? ಮೂರು ವರ್ಷದ ಹಿಂದೆ ನನ್ನ ಕೊಡೆಗೆ ಸುಟ್ಟ ಮೋಟರಿನ ತಾಮ್ರದ ತಂತಿ ಹಾಕಿದ್ದೆ. ಸುಲಭವಾಗಿ ಬಗ್ಗುತ್ತದೆ, ಆದರೆ ಮೆತ್ತಗೆ. ಬೇಗ ಸವೆದು ಹೋಯಿತು. ಅಲ್ಲದೆ ತಾಮ್ರ ಮುಟ್ಟಿದ ಕಡೆ ಕಡ್ಡಿಯ ಬುಡ ಬೇಗ ತುಕ್ಕು ಹಿಡಿದಿತ್ತು. ಒದ್ದೆಯಲ್ಲಿ ತಾಮ್ರವೂ ಕಬ್ಬಿಣವೂ ತಾಗಿಕೊಂಡಿದ್ದರೆ ಕಬ್ಬಿಣ ಬೇಗ ಹಾಳಾಗುತ್ತದೆ. ಸೆಂಟ್ರಿಂಗ್ ಕೆಲಸದ ಕರಿ ತಂತಿಗೆ ಲೇಪವೇ ಇಲ್ಲ, ಒಂದೇ ಮಳೆಗಾಲಕ್ಕೆ ಕೆಂಪಾಗುತ್ತದೆ. ಬೇಲಿಗೆ ತಂದಿದ್ದ ಸಣ್ಣ ಜಿಐ ತಂತಿ ಇತ್ತು, 20 ಗೇಜು, ಒಂದು ಮಿಲಿಮೀಟರ್‌ಗಿಂತ ಚೂರು ತೆಳು. ಅದಕ್ಕೆ ಸತುವಿನ ಲೇಪ ಇದೆ. ಸತು ತಾನು ಸವೆದು ಒಳಗಿನ ಕಬ್ಬಿಣವನ್ನು ಕಾಯುತ್ತದೆ. ಅದನ್ನೇ ಆರಿಸಿದೆ.

ಬಳೆಯ ಸುತ್ತಳತೆ 6 ಸೆಂಟಿಮೀಟರ್ ಅಷ್ಟೇ. ಆದರೂ 20 ಸೆಂಟಿಮೀಟರ್ ತಂತಿ ತೆಗೆದುಕೊಂಡೆ. ಹಿಡಿದು ಎಳೆಯಲು ಬಾಲ ಬೇಕು. ಹಳೇ ತಂತಿ ತೆಗೆಯುವ ಮೊದಲು ಎಂಟೂ ಕಡ್ಡಿಗೆ ಹಣೆಪಟ್ಟಿಯ ಹಾಗೆ ಒಂದೊಂದು ದಾರ ಕಟ್ಟಿ, ಒಂದು ಗಂಟು, ಎರಡು ಗಂಟು ಅಂತ ಗುರುತು ಮಾಡಬೇಕಿತ್ತು. ನಾನು ಮಾಡಲಿಲ್ಲ. ಮಾಲೆ ಕಟ್ಟಿದ ಹಾಗೆ ಎಂಟೂ ಪೋಣಿಸಿ, ಹುರಿ ಮಾಡಿ, ಕೊಡೆ ಎತ್ತಿ ನೋಡಿದರೆ ಎರಡು ಗಿಡ್ಡ ಕಡ್ಡಿ ಒಂದರ ಮೇಲೊಂದು ಕತ್ತರಿ ಹಾಕಿಕೊಂಡಿದ್ದವು. ಎಲ್ಲ ಬಿಚ್ಚಿ ಮೊದಲಿಂದ ಮಾಡಬೇಕಾಯಿತು. ಎರಡನೇ ಸಲ ಕೆಳಗಿನ ಕೊಳವೆಯಿಂದ ಪ್ರತಿ ಗಿಡ್ಡ ಕಡ್ಡಿಯ ಮೇಲೆ ಬೆರಳು ಓಡಿಸುತ್ತಾ, ಅದು ಮುಟ್ಟಿಸಿದ ಉದ್ದ ಕಡ್ಡಿಯನ್ನೇ ಪೋಣಿಸುತ್ತಾ ಬಂದೆ. ಗುರುತು ಇಲ್ಲದಿದ್ದರೂ ಹೀಗೆ ತಪ್ಪುವುದಿಲ್ಲ.

ಹುರಿಯ ಬಿಗಿ ಹದವಾಗಿರಬೇಕು. ಜಾಸ್ತಿ ಬಿಗಿದರೆ ಕಡ್ಡಿ ಆಡುವುದಿಲ್ಲ, ಕೊಡೆ ಅರ್ಧಕ್ಕೇ ನಿಲ್ಲುತ್ತದೆ. ಸಡಿಲವಾದರೆ ಬುಡ ಹಲ್ಲಿನಿಂದ ಹೊರಗೆ ಜಿಗಿಯುತ್ತದೆ. ಅರ್ಧ ಸುತ್ತು ತಿರುಗಿಸುವುದು, ಕೊಡೆಯನ್ನು ಒಮ್ಮೆ ಬಿಚ್ಚಿ ಮುಚ್ಚುವುದು, ಮತ್ತೆ ಅರ್ಧ ಸುತ್ತು. ಕಡ್ಡಿ ತನ್ನ ಭಾರಕ್ಕೆ ತಾನೇ ಬೀಳಬೇಕು, ಆದರೆ ಬುಡ ಪಕ್ಕಕ್ಕೆ ಕುಣಿಯಬಾರದು. ಆ ಹದ ಸಿಕ್ಕಿದ ಮೇಲೆ ಹುರಿಯ ಬಾಲ ಕತ್ತರಿಸಿ, ಅದರ ಮೊನೆಯನ್ನು ಎರಡು ಹಲ್ಲಿನ ನಡುವೆ ಒತ್ತಿ ಮಲಗಿಸಿದೆ. ಒಂದು ಹನಿ ಮಿಷನ್ ಎಣ್ಣೆ ಬಿಟ್ಟೆ. ತೆಂಗಿನ ಎಣ್ಣೆ ಬೇಡ. ಹಳತಾದ ಮೇಲೆ ಅಂಟಾಗಿ ಧೂಳು ಹಿಡಿಯುತ್ತದೆ.

ಕೊಡೆ ಮುಚ್ಚಿದಾಗ ಹಿಡಿಯುವ ಕೆಳಗಿನ ಸ್ಪ್ರಿಂಗ್ ಸ್ವಲ್ಪ ಜಡವಾಗಿತ್ತು. ಸೀಮೆಎಣ್ಣೆಯಲ್ಲಿ ಒರೆಸಿದ್ದಕ್ಕೇ ಸರಿಹೋಯಿತು.

ಇನ್ನು ಹೊಲಿಗೆ. ಅದನ್ನು ಅತ್ತೆ ನನ್ನ ಕೈಯಿಂದ ತೆಗೆದುಕೊಂಡರು. "ನೀ ತಂತಿ ಕೆಲ್ಸ ಮಾಡಿದೆಯಲ್ಲ, ಇದು ನಂಗೆ ಬಿಡು" ಅಂದರು. ಹತ್ತಿಯ ದಾರ ಒದ್ದೆಯಲ್ಲಿ ಕೊಳೆಯುತ್ತದೆ ಅಂತ ಪಾಲಿಯೆಸ್ಟರ್ ದಾರ ತೆಗೆದುಕೊಂಡೆವು. ಅದನ್ನು ಅವರು ತುಡುವೆ ಜೇನಿನ ಮೇಣದ ಉಂಡೆಯ ಮೇಲೆ ಎರಡು ಸಲ ಎಳೆದರು. ಮೇಣ ಹಿಡಿದ ದಾರ ಸಿಕ್ಕಾಗುವುದಿಲ್ಲ, ಗಂಟು ಜಾರುವುದಿಲ್ಲ, ನೀರು ಹೀರುವುದಿಲ್ಲ. ಕೊಡೆಯನ್ನು ಅರ್ಧ ಮುಚ್ಚಿ ಹಿಡಿಯಲು ನನಗೆ ಹೇಳಿದರು. ಬಿಚ್ಚಿಟ್ಟು ಹೊಲಿದರೆ ಬಟ್ಟೆ ತುದಿಗೆ ಮುಟ್ಟುವುದೇ ಇಲ್ಲ. ಕಡ್ಡಿಯ ತುದಿಯ ಕಣ್ಣಿನಲ್ಲಿ ನಾಲ್ಕು ಸಲ ಸೂಜಿ ಹಾಯಿಸಿ, ಕುತ್ತಿಗೆಗೆ ಮೂರು ಸುತ್ತು ಸುತ್ತಿ, ಒಳಮುಖಕ್ಕೆ ಗಂಟು. ಒಂದಾದ ಮೇಲೆ ಪಕ್ಕದ್ದಲ್ಲ, ಅದರ ಎದುರಿನದು. ಸಾಲಾಗಿ ಹೊಲಿದು ಬಂದರೆ ಕೊನೆಯ ತುದಿಗೆ ಬಟ್ಟೆ ಸಾಲುವುದಿಲ್ಲ ಅಂದರು. ಎತ್ತಿಟ್ಟಿದ್ದ ಚಿಂದಿಯನ್ನು ಕೀಲಿಗೆ ಸುತ್ತಿ ಎರಡು ಹೊಲಿಗೆ ಹಾಕಿದರು. ತಗಡಿನ ಪಟ್ಟಿಗೂ ಅಂಥದ್ದೇ ಒಂದು ಚಿಂದಿ ಅವರೇ ನೆನಪು ಮಾಡಿ ಸುತ್ತಿದರು. ನನಗೆ ಅದು ಹೊಳೆದಿರಲಿಲ್ಲ.

ಬಟ್ಟೆಯಲ್ಲಿ, ಮೂತಿಯಿಂದ ಒಂದು ಗೇಣು ಕೆಳಗೆ ತೊಗರಿ ಬೇಳೆಯಷ್ಟು ತೂತಿತ್ತು. ಅದಕ್ಕೆ ಸೂಜಿ ಹಾಕಬಾರದು. ಒಂದು ತೂತು ಮುಚ್ಚಲು ಇಪ್ಪತ್ತು ತೂತು ಮಾಡಿದ ಹಾಗೆ. ಹಾಳಾದ ಕೊಡೆಯೊಂದರ ಬಟ್ಟೆಯಿಂದ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ದುಂಡು ತೇಪೆ ಕತ್ತರಿಸಿದೆ. ಮೂಲೆ ಇದ್ದರೆ ಅಲ್ಲಿಂದಲೇ ಏಳುತ್ತದೆ, ಅದಕ್ಕೆ ದುಂಡು. ಸೈಕಲ್ ಪಂಕ್ಚರ್ ಸಲ್ಯೂಷನ್ ಎರಡೂ ಕಡೆ ತೆಳ್ಳಗೆ ಸವರಿ, ಮುಟ್ಟಿದರೆ ಬೆರಳಿಗೆ ಹತ್ತದಷ್ಟು ಒಣಗಲು ಬಿಟ್ಟು, ಒಳಗಡೆಯಿಂದ ಅಂಟಿಸಿದೆ. ಲಟ್ಟಣಿಗೆ ಉರುಳಿಸಿ ಒತ್ತಿದೆ.

ಪರೀಕ್ಷೆಗೆ ದೂರ ಹೋಗುವುದು ಬೇಕಿರಲಿಲ್ಲ. ಹೆಂಚಿನ ಮಾಡಿನಿಂದ ಅಂಗಳಕ್ಕೆ ನೀರು ಹಗ್ಗದ ಹಾಗೆ ಬೀಳುತ್ತಿತ್ತು. ಅದರ ಕೆಳಗೆ ಕೊಡೆ ಹಿಡಿದು ಹತ್ತು ನಿಮಿಷ ನಿಂತೆ. ತೇಪೆ ಒಣಗಿಯೇ ಇತ್ತು. ರಿಪೇರಿಯಾದ ಕಡ್ಡಿ ಉಳಿದ ಏಳರ ಜೊತೆ ಒಂದೇ ಬಾಗಿಗೆ ನಿಂತಿತ್ತು. ಒಂದೇ ಕಡೆ, ಕಡ್ಡಿಯ ನಡುವಿನ ಹೊಲಿಗೆಯ ಹತ್ತಿರ ಹನಿ ಜಿನುಗಿತು. ಒಣಗಿಸಿ, ಆ ಸೂಜಿ ತೂತುಗಳ ಮೇಲೆ ಮೇಣ ತಿಕ್ಕಿ, ಬೆರಳಿನ ಬಿಸಿಯಲ್ಲೇ ಒತ್ತಿ ಒತ್ತಿ ತುಂಬಿದೆ. ಇಸ್ತ್ರಿ ಇಡಲಿಲ್ಲ, ಈ ಬಟ್ಟೆ ಕರಗಿಬಿಡುತ್ತದೆ. ಮತ್ತೆ ಮಾಡಿನ ಕೆಳಗೆ ನಿಂತೆ. ಹನಿ ಬರಲಿಲ್ಲ.

ಖರ್ಚು ಅಂದರೆ ಅಂಟಿನ ಟ್ಯೂಬು ಮತ್ತು ಸಲ್ಯೂಷನ್ನಿನದು ಮಾತ್ರ. ಸಮಯ ಎರಡು ಮಧ್ಯಾಹ್ನ. ಈಗ ಜಗಲಿಯ ಮೂಲೆಯಲ್ಲಿ ಕೊಡೆಗಳಿಗೆ ಜಾಗ ಮಾಡಿದ್ದೇವೆ. ಬಂದವರು ಕೊಡೆಯನ್ನು ಅರ್ಧ ಬಿಚ್ಚಿ ಅಲ್ಲಿ ಇಡಬೇಕು. ನೀರು ಇಳಿದ ಮೇಲೆ ರಾತ್ರಿ ಬಚ್ಚಲ ಒಲೆಯ ಹತ್ತಿರ, ಬೆಂಕಿಯಿಂದ ನಾಲ್ಕು ಮೊಳ ದೂರ. ಒಣಗಿದ ಕೊಡೆ ಮಾತ್ರ ಗೂಟಕ್ಕೆ.

ಮಾವಯ್ಯ ಕೊಡೆಯನ್ನು ಎರಡು ಸಲ ಬಿಚ್ಚಿ ಮುಚ್ಚಿದರು. ತಗಡಿನ ಪಟ್ಟಿಯನ್ನು ಕನ್ನಡಕ ಹಾಕಿಕೊಂಡು ನೋಡಿದರು. "ಅಡ್ಡಿಲ್ಲ" ಅಂದರು. ಆಮೇಲೆ ಪಂಚೆ ಎತ್ತಿ ಕಟ್ಟಿ, ಕೊಡೆ ಹಿಡಿದು ತೋಟದ ಕಡೆ ಇಳಿದರು.

ಮುಂದಿನದು ಮಗಳ ಸ್ಕೂಲ್ ಕೊಡೆ, ಮೂರು ಮಡಿಕೆಯದು. ಅದರ ಕಡ್ಡಿಗಳಲ್ಲಿ ಒಂದಿಷ್ಟು ಅಲ್ಯೂಮಿನಿಯಂ. ಕೀಲುಗಳೂ ಜಾಸ್ತಿ, ದೋಣಿಯೂ ತೀರ ಸಣ್ಣದು, ಸೈಕಲ್ ಕಡ್ಡಿ ಕೂರುವುದಿಲ್ಲ. ಅಂಥದ್ದಕ್ಕೆ ಹಾಳಾದ ಇನ್ನೊಂದು ಕೊಡೆಯಿಂದ ಇಡೀ ಕಡ್ಡಿಯನ್ನೇ ಬಿಡಿಸಿ ತಂದು ಕೂರಿಸಬೇಕು. ಅಕ್ಕಪಕ್ಕದ ಮನೆಗಳಲ್ಲಿ ಹೇಳಿಟ್ಟಿದ್ದೇನೆ, ಮುರಿದ ಕೊಡೆ ಇದ್ದರೆ ಬಿಸಾಡಬೇಡಿ, ನನಗೆ ಕೊಡಿ ಅಂತ. ಇಷ್ಟರೊಳಗೆ ನಾಲ್ಕು ಬಂದಿವೆ.